ಸೇರಿಸಿಕೊಳ್ಳುವಾಗ ಕೊಟ್ಟ ಹತ್ತು ಸಾವಿರ

ಪ್ರಶ್ನೆ: 2022ರಲ್ಲಿ, ಮಾರಿಕಣಿವೆ ಕೋಡಿ ಬಿದ್ದ ವರ್ಷ, ಹಿರಿಯೂರಿನಲ್ಲಿ ಚಿಕ್ಕ ಹೊಲಿಗೆ ಘಟಕ ಶುರುಮಾಡಿದೆ. ಹನ್ನೊಂದು ಮೆಷಿನ್, ಶಾಲಾ ಯೂನಿಫಾರಂ ಕೆಲಸ. ಈ ಸೀಸನ್‌ಗೆ ಟೈಲರ್‌ಗಳು ಸಿಗಲಿಲ್ಲ, ಎಲ್ಲರೂ ತುಮಕೂರು, ಬೆಂಗಳೂರು ಅನ್ನುತ್ತಾರೆ. ಕೊನೆಗೆ ಸೇರುವಾಗಲೇ ಹತ್ತು ಸಾವಿರ ರೂಪಾಯಿ ಬೋನಸ್ ಕೊಟ್ಟು ಇಬ್ಬರನ್ನು ಕರೆತಂದೆ. ಹೊಸದುರ್ಗ ಕಡೆಯಿಂದ ಬಂದವಳು ಐದೇ ವಾರಕ್ಕೆ ಹೋದಳು. ಫೋನ್ ಎತ್ತುತ್ತಿಲ್ಲ. ಮೊದಲ ದಿನದಿಂದ ನನ್ನ ಜೊತೆಗಿರುವ ಹಳೆಯ ಟೈಲರ್ ಒಬ್ಬರು, “ಅಕ್ಕಾ, ನಾನೂ ಬಿಟ್ಟೋಗಿ ತಿರುಗ ಬಂದ್ರೆ ನಂಗೂ ಕೊಡ್ತೀರಾ?” ಅಂದರು. ಆಮೇಲೆ ಮಾತೇ ಇಲ್ಲ. ಮುಂದಿನವರಿಂದ ಬಾಂಡ್ ಬರೆಸಿಕೋ, ಆಧಾರ್, ಮಾರ್ಕ್ಸ್ ಕಾರ್ಡ್ ಇಟ್ಟುಕೋ ಎನ್ನುತ್ತಾರೆ ನಮ್ಮಣ್ಣ. ರಾತ್ರಿ ನಿದ್ದೆ ಬರುತ್ತಿಲ್ಲ. ನಾನು ಮೋಸಹೋದೆನೋ, ನಾನೇ ಮೋಸ ಮಾಡಿದೆನೋ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಎರಡು ಸಲ ಓದಿದೆ. ನಂಬಿ ಕೊಟ್ಟ ಹಣದ ಜೊತೆ ಮನುಷ್ಯರೂ ಹೊರಟುಹೋದಾಗ ಸಿಟ್ಟು ಬರುವುದು ಸಹಜ. ಹನ್ನೊಂದು ಮೆಷಿನ್ ನಡೆಸುವವರಿಗೆ ಹತ್ತು ಸಾವಿರ ಸಣ್ಣ ಮೊತ್ತವೂ ಅಲ್ಲ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಹೋದವಳಿಗಿಂತ ಹೆಚ್ಚಾಗಿ ಉಳಿದವರ ಆ ಒಂದು ಪ್ರಶ್ನೆ ಎಂದು ನನಗನ್ನಿಸುತ್ತದೆ. ಅದು ನಿಮ್ಮನ್ನು ಇಷ್ಟು ಕಾಡುತ್ತಿದೆಯೆಂದರೆ ನೀವು ಮೋಸ ಮಾಡುವವರಲ್ಲ.

ನಮ್ಮ ಸೀಮೆಗೆ ಕೆಲಸಕ್ಕೆ ಮುಂಚೆ ಕೊಡುವ ಹಣ ಹೊಸದಲ್ಲ. ಹೊಳಲ್ಕೆರೆಯ ಅಡಿಕೆ ತೋಟವಿರಲಿ, ಊರಾಚೆಯ ಇಟ್ಟಿಗೆ ಭಟ್ಟಿಯಿರಲಿ, ಅಡ್ವಾನ್ಸ್ ಎಂಬ ಮಾತು ಎಲ್ಲರಿಗೂ ಗೊತ್ತು. ಅಡ್ವಾನ್ಸ್ ಎಂದರೆ ಸಾಲ, ದುಡಿದು ತೀರಿಸಬೇಕು. ಬೋನಸ್ ಹಾಗಲ್ಲ, ‘ಬಂದಿರಲ್ಲ, ಸಂತೋಷ’ ಎಂದು ಕೊಡುವ ಹಣ. ನೀವು ಕೈಯಲ್ಲಿ ಕೊಟ್ಟದ್ದು ಬೋನಸ್, ಮನಸ್ಸಿನಲ್ಲಿ ಬರೆದಿಟ್ಟುಕೊಂಡದ್ದು ಅಡ್ವಾನ್ಸ್. ಅವಳು ಮೊದಲನೆಯದನ್ನು ಕೇಳಿಸಿಕೊಂಡಳು, ನೀವು ಎರಡನೆಯದನ್ನು ನಂಬಿದಿರಿ. ನೋವು ಹುಟ್ಟಿದ್ದು ಅಲ್ಲಿ. ಇದನ್ನು ಓದುತ್ತಿರುವ ಅಂಗಡಿ, ಹೋಟೆಲು, ನರ್ಸಿಂಗ್ ಹೋಮ್ ನಡೆಸುವ ಎಷ್ಟೋ ಜನರಿಗೂ ಇದೇ ಆಗಿರುತ್ತದೆ.

ಕಾನೂನೂ ಇವೆರಡನ್ನು ಬೇರೆಬೇರೆಯಾಗಿಯೇ ನೋಡಿದೆ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ ಬಂದ 1979ರ ಕಾಯ್ದೆಯು ಊರು ಬಿಟ್ಟು ಬರುವವರಿಗೆ ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ ಕೊಡಬೇಕೆಂದಿತ್ತು. ಅದನ್ನು ವಾಪಸ್ ಕೇಳುವಂತಿರಲಿಲ್ಲ. ಇನ್ನೊಂದು ಕಡೆ, ಮುಂಗಡ ಕೊಟ್ಟಿದ್ದೇನೆಂದು ಒಬ್ಬರನ್ನು ಬೇರೆ ಕೆಲಸಕ್ಕೆ ಹೋಗದಂತೆ ಕಟ್ಟಿಹಾಕಿದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅದು ಅಪರಾಧ. ನಿಮ್ಮಣ್ಣ ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳಿದ್ದಾರೆ. ಆದರೂ ಯಾರ ಆಧಾರ್, ಮಾರ್ಕ್ಸ್ ಕಾರ್ಡ್ ಕೂಡ ಇಟ್ಟುಕೊಳ್ಳಬೇಡಿ. ಈಗಾಗಲೇ ಇಟ್ಟುಕೊಂಡಿದ್ದರೆ ಇವತ್ತೇ ಮರಳಿಸಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಒಪ್ಪಿದ್ದು ನಿಜ. ಅದು ಒಳ್ಳೆಯ ಸಂಬಳದ ಹಿರಿಯ ಅಧಿಕಾರಿಯ ವಿಷಯ. ಹೊಲಿಗೆ ಮೆಷಿನ್ ಮುಂದೆ ಕೂರುವ ಹೆಣ್ಣುಮಗಳ ಬದುಕಿಗೆ ಅದನ್ನು ಅಳತೆಗೋಲು ಮಾಡಬೇಡಿ.

ಮುಂದಿನ ಸಲ ಬೋನಸ್ ಬೇಡವೆಂದಲ್ಲ. ಒಂದೇ ಸಲ ಕೊಡಬೇಡಿ. ಹತ್ತು ಸಾವಿರವೆಂದರೆ ಸೇರಿದ ದಿನ ಎರಡು, ಮೂರು ತಿಂಗಳು ತುಂಬಿದಾಗ ಮೂರು, ಆರು ತಿಂಗಳಿಗೆ ಉಳಿದ ಐದು. ದುಡಿದ ಮೇಲೆ ಕೊಟ್ಟ ಹಣವನ್ನು ವಾಪಸ್ ಕೇಳುವ ಪ್ರಸಂಗವೇ ಬರುವುದಿಲ್ಲ, ಬಾಂಡೂ ಬೇಕಾಗುವುದಿಲ್ಲ. ಇದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಓದಿ ಹೇಳಿ, ಒಂದು ಪ್ರತಿ ಅವರಿಗೂ ಕೊಡಿ. ಅದಕ್ಕೂ ಮುಂಚೆ ತಿಂಗಳ ಸಂಬಳವನ್ನೊಮ್ಮೆ ನೋಡಿಕೊಳ್ಳಿ. ಸಂಬಳ ಕಡಿಮೆಯಿದ್ದರೆ ಬೋನಸ್ ಜನರನ್ನು ಕರೆತರುತ್ತದೆ, ಉಳಿಸಿಕೊಳ್ಳುವುದಿಲ್ಲ.

ಹೋದವಳಿಗೆ ಒಂದೇ ಒಂದು ಮೆಸೇಜ್ ಕಳಿಸಿ: “ಚೆನ್ನಾಗಿದ್ದೀಯಾ? ಯಾಕೆ ಬಿಟ್ಟೆ ಅಂತ ಹೇಳಿದರೆ ನನಗೆ ಅನುಕೂಲ.” ಹಣದ ಮಾತು ಬೇಡ. ಸಂಜೆ ಊರಿಗೆ ಬಸ್ಸಿಲ್ಲದ್ದು, ಮಗುವಿಗೆ ಹುಷಾರಿಲ್ಲದ್ದು, ರೂಮಿನ ಬಾಡಿಗೆ, ಕಾರಣ ಏನೂ ಇರಬಹುದು. ಫೋನ್ ಎತ್ತದಿರುವುದಕ್ಕೆ ಎಷ್ಟೋ ಸಲ ನಾಚಿಕೆಯೇ ಕಾರಣ. ಉತ್ತರ ಬಂದರೆ ಮುಂದಿನವರಿಗೆ ಏನು ಸರಿಪಡಿಸಬೇಕೆಂದು ತಿಳಿಯುತ್ತದೆ. ಬಾರದಿದ್ದರೆ ಆ ಲೆಕ್ಕವನ್ನು ಅಲ್ಲಿಗೇ ಮುಗಿಸಿಬಿಡಿ.

ಕರಾರು ಪತ್ರದ ಬಗ್ಗೆ ಅನುಮಾನವಿದ್ದರೆ ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವಿದೆ. ಸಹಾಯವಾಣಿ 15100. ಇನ್ನೂ ಕೆಲವು ವಾರ ನಿದ್ದೆ ಹೀಗೇ ಕೆಟ್ಟರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಹಳೆಯ ಟೈಲರ್ ವಿಷಯವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಅವರು ಕೇಳಿದ್ದು ಹಣವನ್ನಲ್ಲ, ತಾವು ನಿಮ್ಮ ಲೆಕ್ಕದಲ್ಲಿ ಇದ್ದೇವೆಯೇ ಎಂದು. ಹೊಸಬರಿಗೆ ಬೋನಸ್ ಇಟ್ಟಾಗ, ವರ್ಷಗಟ್ಟಲೆ ಉಳಿದವರಿಗೂ ಸೀಸನ್ ಮುಗಿದ ಮೇಲೆ ಒಂದು ಮೊತ್ತ ಇಡಿ. ಚಿಕ್ಕದಾದರೂ ಸರಿ, ಎಲ್ಲರಿಗೂ ಗೊತ್ತಿರಲಿ. ಆದರೆ ಹಣಕ್ಕಿಂತ ಮುಂಚೆ ಮಾತು. ನಾಳೆ ಮೆಷಿನ್‌ಗಳು ಶುರುವಾಗುವ ಮುಂಚೆ ಅವರ ಪಕ್ಕ ಸ್ಟೂಲ್ ಎಳೆದು ಕೂತು, “ನಿಮ್ಮನ್ನ ಕೇಳದೆ ಮಾಡಿದೆ, ತಪ್ಪಾಯಿತು. ಮುಂದಿನ ಸಲ ಯಾರನ್ನ ಕರೆಯೋಣ, ಎಷ್ಟು ಕೊಡೋಣ, ನೀವೇ ಹೇಳಿ” ಎನ್ನಿ.