ಸ್ತಬ್ಧವಾದ ಟೆಲಿವಿಷನ್: ದೋಷಶೋಧನೆಯ ಕ್ರಮ

ಮನೆಯ ಟೆಲಿವಿಷನ್ ಇದ್ದಕ್ಕಿದ್ದಂತೆ ಸ್ತಬ್ಧವಾದಾಗ ನಾವು ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ: ಅದರ ಹಿಂಬದಿಯನ್ನು ತಟ್ಟುವುದು, ಇಲ್ಲವೆ ಸುಟ್ಟುಹೋಯಿತೆಂದು ತೀರ್ಮಾನಿಸುವುದು. ಎರಡರಲ್ಲಿಯೂ ವಿಚಾರಕ್ಕೆ ಎಡೆಯಿಲ್ಲ. ವಿದ್ಯುತ್ತು ಗೋಡೆಯ ಸಾಕೆಟ್ಟಿನಿಂದ ತೆರೆಯವರೆಗೆ ಹಲವು ಘಟ್ಟಗಳನ್ನು ದಾಟಿ ಸಾಗುತ್ತದೆ. ಅದು ಯಾವ ಘಟ್ಟದಲ್ಲಿ ತಡೆದಿದೆ ಎಂಬುದನ್ನು ಒಂದೊಂದೇ ಪ್ರಶ್ನೆಯಿಂದ ಗುರುತಿಸುವುದು ಹೇಗೆ, ನಮ್ಮ ಕೈ ಎಲ್ಲಿಗೆ ನಿಲ್ಲಬೇಕು ಎಂಬುದನ್ನು ವಿವೇಚಿಸೋಣ. ಇಂದು ಬಹುವಾಗಿ ಬಳಕೆಯಲ್ಲಿರುವ, ಎಲ್‌ಇಡಿ ಹಿಂಬೆಳಕಿನ ಎಲ್‌ಸಿಡಿ ಟೆಲಿವಿಷನ್ನನ್ನು ಉದಾಹರಣೆಯಾಗಿ ಇಟ್ಟುಕೊಳ್ಳುವೆವು.

ಮೊದಲನೆಯ ಪ್ರಶ್ನೆ: ಸಾಕೆಟ್ಟಿನಲ್ಲಿ ವಿದ್ಯುತ್ತು ಇದೆಯೇ? ಟೆಸ್ಟರಿನ ನಿಯಾನ್ ದೀಪ ಹೊತ್ತಿದ ಮಾತ್ರಕ್ಕೆ ಇದೆಯೆಂದು ನಂಬಲಾಗದು. ಫೇಸ್ ತಂತಿಯಲ್ಲಿ ವೋಲ್ಟೇಜ್ ಇದೆಯೆಂಬುದನ್ನಷ್ಟೇ ಅದು ತಿಳಿಸುತ್ತದೆ. ನ್ಯೂಟ್ರಲ್ ತಂತಿ ಕಡಿದಿದ್ದರೆ ವಿದ್ಯುನ್ಮಂಡಲ ಪೂರ್ಣವಾಗದು, ಪ್ರವಾಹವೂ ಹರಿಯದು. ಆದುದರಿಂದ ಅದೇ ಸಾಕೆಟ್ಟಿಗೆ ಮೇಜಿನ ದೀಪವೊಂದನ್ನು ಸಿಕ್ಕಿಸಿ ನೋಡಬೇಕು. ಅದು ಉರಿದರೆ ಎರಡು ತಂತಿಗಳೂ ಸರಿಯಾಗಿವೆ ಎಂದಾಯಿತು. ನಡುವೆ ಸ್ಟೆಬಿಲೈಸರಾಗಲಿ ಎಕ್ಸ್‌ಟೆನ್ಷನ್ ಬೋರ್ಡಾಗಲಿ ಇದ್ದರೆ ಅದನ್ನು ಬಿಟ್ಟು, ಟೆಲಿವಿಷನ್ನನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿ ಪರೀಕ್ಷಿಸಬೇಕು.

ಎರಡನೆಯ ಪ್ರಶ್ನೆ: ಚೌಕಟ್ಟಿನಲ್ಲಿರುವ ಸಣ್ಣ ಕೆಂಪು ದೀಪ ಹೊತ್ತಿದೆಯೇ? ಹೊತ್ತಿದ್ದರೆ ಒಳಗಿನ ಪವರ್ ಸಪ್ಲೈ ಸ್ವಲ್ಪಮಟ್ಟಿಗಾದರೂ ಕೆಲಸಮಾಡುತ್ತಿದೆ. ಆಗ ರಿಮೋಟನ್ನು ಬದಿಗಿಟ್ಟು, ಟೆಲಿವಿಷನ್ನಿನಲ್ಲಿಯೇ ಇರುವ ಗುಂಡಿಯನ್ನು ಒತ್ತಿ ನೋಡಬೇಕು. ಅದು ಚಾಲನೆಗೊಂಡರೆ ಸಂದೇಹ ರಿಮೋಟಿನ ಮೇಲೆ ಬೀಳುತ್ತದೆ. ಸಾಮಾನ್ಯ ರಿಮೋಟು ಸೂಸುವ ಅವಕೆಂಪು ಕಿರಣದ ತರಂಗದೂರ ಸುಮಾರು 940 ನ್ಯಾನೊಮೀಟರ್. ನಮ್ಮ ಕಣ್ಣು ಗ್ರಹಿಸುವುದು ಸುಮಾರು 700ರವರೆಗೆ ಮಾತ್ರ. ಮೊಬೈಲ್ ಫೋನಿನ ಕ್ಯಾಮೆರಾ ಅನೇಕ ವೇಳೆ ಈ ಕಿರಣವನ್ನು ಬೆಳಕಿನ ಚುಕ್ಕೆಯಾಗಿ ತೋರಿಸುತ್ತದೆ. ಚುಕ್ಕೆ ಕಾಣದಿದ್ದರೆ ಹೊಸ ಸೆಲ್ ಹಾಕಿ ನೋಡುವುದು ಯುಕ್ತ. ಕೆಲವು ಕ್ಯಾಮೆರಾಗಳು ಅವಕೆಂಪು ಕಿರಣವನ್ನು ತಡೆಯುವುದೂ ಉಂಟು.

ಮೂರನೆಯ ಪ್ರಶ್ನೆ: ಧ್ವನಿ ಕೇಳಿಬರುತ್ತಿದ್ದು ತೆರೆ ಮಾತ್ರ ಕಪ್ಪಾಗಿದೆಯೇ? ಎಲ್‌ಸಿಡಿ ಫಲಕಕ್ಕೆ ಸ್ವಂತ ಬೆಳಕಿಲ್ಲ. ಹಿಂದಿನ ಎಲ್‌ಇಡಿಗಳ ಬೆಳಕನ್ನು ಅಲ್ಲಲ್ಲಿ ತಡೆದು, ಅಲ್ಲಲ್ಲಿ ಬಿಟ್ಟು ಅದು ಚಿತ್ರವನ್ನು ರೂಪಿಸುತ್ತದೆ. ಕತ್ತಲೆಯ ಕೋಣೆಯಲ್ಲಿ ತೆರೆಯ ಮೇಲೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ಮಸುಕಾದ ಚಿತ್ರ ಚಲಿಸುವುದು ಕಂಡರೆ, ಫಲಕವು ಕೆಲಸಮಾಡುತ್ತಿದೆ, ಹಿಂಬೆಳಕು ಕೆಟ್ಟಿದೆ ಎಂದು ತಿಳಿಯಬಹುದು.

ದೀಪ ಉರಿದೂ ಟೆಲಿವಿಷನ್ನಿನ ಕೆಂಪು ದೀಪ ಹೊತ್ತದಿದ್ದರೆ, ಬಳ್ಳಿತಂತಿ ಸಡಿಲವಾಗಿದೆಯೇ ಎಂದು ನೋಡಬೇಕು. ಅದೂ ಸರಿಯಿದ್ದರೆ ದೋಷ ಪವರ್ ಸಪ್ಲೈಯಲ್ಲಿರುವ ಸಂಭವ ಹೆಚ್ಚು. ಇಲ್ಲಿ ನಮ್ಮ ಕೈ ನಿಲ್ಲಬೇಕು. ಹಿಂಬದಿಯ ಮುಚ್ಚಳವನ್ನು ತೆರೆಯಕೂಡದು. ಕಾರಣವನ್ನು ಲೆಕ್ಕದಿಂದಲೇ ತಿಳಿಯೋಣ. 230 ವೋಲ್ಟಿನ ಪರ್ಯಾಯ ವಿದ್ಯುತ್ತಿನ ಗರಿಷ್ಠ ಬೆಲೆ ಅದರ √2 ರಷ್ಟು, ಎಂದರೆ ಸುಮಾರು 325 ವೋಲ್ಟ್. ಏಕಮುಖಗೊಳಿಸಿದ ಈ ವಿದ್ಯುತ್ತು ಒಂದು ದೊಡ್ಡ ಕೆಪ್ಯಾಸಿಟರಿನಲ್ಲಿ ಶೇಖರವಾಗುತ್ತದೆ. ಅದರ ಧಾರಣಶಕ್ತಿ 100 ಮೈಕ್ರೊಫ್ಯಾರಡ್ ಎಂದಿಟ್ಟುಕೊಂಡರೆ, ½CV² ಸೂತ್ರದಂತೆ ಶಕ್ತಿ ಸುಮಾರು 5.3 ಜೂಲ್. ಒಂದು ಕಿಲೋಗ್ರಾಂ ತೂಕವನ್ನು ಅರ್ಧ ಮೀಟರಿನಷ್ಟು ಎತ್ತಲು ಸಾಕಾಗುವ ಶಕ್ತಿಯಿದು. ಕ್ಷಣಾರ್ಧದಲ್ಲಿ ಶರೀರದ ಮೂಲಕ ಹರಿದರೆ ಪ್ರಾಣಾಪಾಯಕ್ಕೂ ಕಾರಣವಾಗಬಹುದು. ಪ್ಲಗ್ಗನ್ನು ಕಿತ್ತೊಡನೆ ಈ ವಿದ್ಯುತ್ತು ಮಾಯವಾಗುವುದಿಲ್ಲ ಎಂಬುದೇ ಮುಖ್ಯ ಸಂಗತಿ. ಹಳೆಯ ಬಣ್ಣದ ಚಿತ್ರನಳಿಕೆಗಳಲ್ಲಿಯಂತೂ 20,000 ವೋಲ್ಟಿಗೂ ಮೀರಿದ ವಿದ್ಯುತ್ತಿರುತ್ತಿತ್ತು.

ಸ್ತಬ್ಧವಾದ ಯಂತ್ರವೆಲ್ಲ ಎಸೆಯತಕ್ಕದ್ದಲ್ಲ. ಪವರ್ ಸಪ್ಲೈಯ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿನೊಳಗಿನ ದ್ರವ ಶಾಖದಿಂದ ಕ್ರಮೇಣ ಬತ್ತುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆಂದು ಅಂದಾಜು. ಅಲ್ಪ ಬೆಲೆಯ ಈ ಬಿಡಿಭಾಗವನ್ನು ಬದಲಾಯಿಸಿದೊಡನೆ ಚೇತರಿಸಿಕೊಂಡ ಟೆಲಿವಿಷನ್ನುಗಳು ಬಹಳ. ಆದುದರಿಂದ ನಾವು ಕಂಡುದನ್ನು ಕ್ರಮವಾಗಿ ಬರೆದಿಟ್ಟು ರಿಪೇರಿಯವರಿಗೆ ತಿಳಿಸೋಣ. ದೀಪ ಉರಿಯಿತೇ, ಕೆಂಪು ಬೆಳಕಿತ್ತೇ, ಧ್ವನಿ ಬಂದಿತೇ ಎಂಬ ಮೂರು ಉತ್ತರಗಳು ಅವರ ಅರ್ಧ ಕೆಲಸವನ್ನು ಹಗುರಗೊಳಿಸುತ್ತವೆ.