ಕಾಳು ಬಲಿತಂತೆ ವಿಶ್ವಾಸವೂ ಬಲಿಯಲಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಸ್ವಸಹಾಯ ಸಂಘಗಳ ಪ್ರೀತಿಯ ತಾಯಂದಿರೇ, ಸಹೋದರಿಯರೇ,

ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಭತ್ತ ಬೆಳೆಯುವ ನಮಗೆ ಇದು ಗೊತ್ತಿದ್ದದ್ದೇ. ಹೊಸದಾಗಿ ತೆನೆ ಬಂದಾಗ ಕಾಳು ಹಿಚುಕಿದರೆ ಬರೀ ಹಾಲು. ತೆನೆ ಮಾತ್ರ ನೆಟ್ಟಗೆ ನಿಂತಿರುತ್ತದೆ. ಕಾಳು ಗಟ್ಟಿಯಾದ ಮೇಲೆ ತಾನಾಗಿಯೇ ಬಾಗುತ್ತದೆ.

ವಿಶ್ವಾಸ ಜೀವನವೂ ಹೀಗೆಯೇ. ಸಂತ ಪೌಲರು ಕೊರಿಂಥದ ಕ್ರೈಸ್ತರನ್ನು ಇನ್ನೂ ಹಾಲು ಕುಡಿಯುವ ಕೂಸುಗಳಿಗೆ ಹೋಲಿಸಿದರು (1 ಕೊರಿಂಥ 3). ಯಾಕೆ? ಅವರಲ್ಲಿ ವರದಾನಗಳಿಗೆ ಕೊರತೆ ಇರಲಿಲ್ಲ. ಆದರೆ ಒಬ್ಬರನ್ನು ಕಂಡರೆ ಒಬ್ಬರಿಗೆ ಅಸೂಯೆ, ಜಗಳ. ಅಂದರೆ ನಾವು ಎಷ್ಟು ಹೊತ್ತು ಜಪ ಮಾಡಿದೆವು ಅನ್ನುವುದರಿಂದಷ್ಟೇ ನಮ್ಮ ಬೆಳವಣಿಗೆ ತಿಳಿಯುವುದಿಲ್ಲ. ಜಪ ಮುಗಿಸಿ ಎದ್ದ ಮೇಲೆ ಪಕ್ಕದವಳ ಜೊತೆ ಹೇಗೆ ನಡೆದುಕೊಂಡೆವು ಅನ್ನುವುದರಿಂದ ತಿಳಿಯುತ್ತದೆ.

ನಮ್ಮ ವಾರದ ಸಭೆಯನ್ನೇ ತೆಗೆದುಕೊಳ್ಳೋಣ. ಒಬ್ಬ ಸದಸ್ಯೆ ಮೂರು ಕಂತು ಕಟ್ಟಿಲ್ಲ, ಸಭೆಗೂ ಬರುತ್ತಿಲ್ಲ. "ಅಕಿ ಮನಿ ಮುಂದ ಹೋಗಿ ಕೂಡ್ರೋಣ, ಊರಿಗೆಲ್ಲ ಗೊತ್ತಾಗ್ಲಿ" ಅಂತಾರೆ ಕೆಲವರು. "ಪಾಪ, ಬಿಟ್ಟುಬಿಡ್ರಿ" ಅಂತಾರೆ ಇನ್ನು ಕೆಲವರು. ಎರಡೂ ಸುಲಭದ ದಾರಿಯೇ. ಮೊದಲನೆಯದು ಆಕೆಯ ಮಾನ ಕಳೆಯುತ್ತದೆ. ಎರಡನೆಯದು ಕೂಲಿ ಮಾಡಿ ಉಳಿಸಿದ ಇನ್ನೊಬ್ಬಳ ರೊಕ್ಕ ಕಳೆಯುತ್ತದೆ.

ಬಲಿತ ವಿಶ್ವಾಸಕ್ಕೆ ಮೂರನೆಯ ದಾರಿ ಇದೆ:

1. ಮೊದಲು ಒಬ್ಬಳೇ ಇದ್ದಾಗ ಮಾತಾಡಿ. ಸೋದರ ತಪ್ಪಿದರೆ ಮೊದಲು ಏಕಾಂತದಲ್ಲಿ, ಆಮೇಲೆ ಒಬ್ಬಿಬ್ಬರ ಜೊತೆ, ಕೊನೆಗೆ ಸಭೆಯ ಮುಂದೆ ಎಂಬ ಕ್ರಮವನ್ನು ಯೇಸುಸ್ವಾಮಿ ಕಲಿಸಿದ್ದಾರೆ (ಮತ್ತಾಯ 18). ನಾವು ಬಹಳ ಸಲ ಕೊನೆಯದರಿಂದ ಶುರು ಮಾಡುತ್ತೇವೆ.

2. ಪ್ರೀತಿಯಿಂದ ಸತ್ಯ ಹೇಳಿ. ಪ್ರೀತಿಯಿಂದ ಸತ್ಯ ನುಡಿಯುವವರು ಕ್ರಿಸ್ತರಲ್ಲಿ ಬೆಳೆಯುತ್ತಾರೆ ಎನ್ನುತ್ತಾರೆ ಪೌಲರು (ಎಫೆಸ 4). ಮಳೆ ಕೈಕೊಟ್ಟಿತೇ, ಆಸ್ಪತ್ರೆ ಖರ್ಚು ಬಂತೇ, ಮನೆಯಲ್ಲಿ ಕುಡಿತವೇ, ಕೇಳಿ ತಿಳಿಯಿರಿ. ಸಾಲ ಸಾಲವೇ ಅನ್ನುವುದನ್ನೂ ಹೇಳಿ. ಆಕೆಗೆ ಆಗುವಷ್ಟು ಸಣ್ಣ ಕಂತು ಹಾಕಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.

3. ನಮ್ಮ ಸಾಲ ನೆನೆಯಿರಿ. ಅದೇ ಮತ್ತಾಯ 18ರಲ್ಲಿ, ಒಡೆಯ ಮನ್ನಾ ಮಾಡಿದ ಬೆಟ್ಟದಷ್ಟು ಸಾಲ ಮರೆತ ಸೇವಕ, ತನಗೆ ಚಿಲ್ಲರೆ ಬಾಕಿ ಇದ್ದವನ ಕುತ್ತಿಗೆ ಹಿಡಿದ. ದೇವರ ಮುಂದೆ ನಾವೆಲ್ಲ ಬಾಕಿದಾರರೇ ಅಲ್ಲವೇ?

ಸಣ್ಣ ಸಾಲ ಕೊಡುವವರ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನು ತಂದಿತು. ಬಾಗಿಲಿಗೆ ಬಂದು ಮಾನ ಹರಾಜು ಹಾಕುವವರ ನೋವು ನಮಗೆ ಗೊತ್ತು. ಅದೇ ಕೆಲಸವನ್ನು ನಾವೇ ನಮ್ಮ ಅಕ್ಕತಂಗಿಗೆ ಮಾಡಬಾರದು.

"ಓದು ಬರಹ ಇಲ್ಲದವರು ನಾವು, ಇದೆಲ್ಲ ಫಾದರ್, ಸಿಸ್ಟರ್‌ಗಳಿಗೆ" ಅನ್ನಬೇಡಿ. ನಮ್ಮ ಮಸ್ಕಿ ಬೆಟ್ಟದಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ ಏನು ಹೇಳುತ್ತದೆ? ಧರ್ಮದಲ್ಲಿ ನಡೆದರೆ ಸಣ್ಣವರೂ ಈ ಫಲ ಪಡೆಯಬಲ್ಲರು, ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು ಎಂಬುದು ಅದರ ಸಾರ. ಅಶೋಕ ಬೌದ್ಧ ಉಪಾಸಕ, ಆದರೂ ಈ ಮಾತು ನಮಗೂ ಸಲ್ಲುತ್ತದೆ. ನಮ್ಮ ಸಂಘದಲ್ಲಿರುವ ಬೇರೆ ಬೇರೆ ಧರ್ಮದ ಸಹೋದರಿಯರಿಗೂ ಸಲ್ಲುತ್ತದೆ.

ಪ್ರೀತಿ, ಆನಂದ, ಸಮಾಧಾನ, ತಾಳ್ಮೆ, ದಯೆ, ಸಂಯಮ, ಇಂಥವನ್ನು ಪವಿತ್ರಾತ್ಮರ ಫಲ ಎನ್ನುತ್ತಾರೆ ಪೌಲರು (ಗಲಾತ್ಯ 5). ಫಲ ಅಂದಮೇಲೆ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ನೀರು ಬಿಡಬೇಕು, ಕಳೆ ತೆಗೆಯಬೇಕು, ಕಾಯಬೇಕು.

ಮುಂದಿನ ಸಭೆಯಲ್ಲಿ ಚರ್ಚಿಸೋಣ:

* ನಮ್ಮ ಸಂಘಕ್ಕೆ ಬರುವುದು ಬಿಟ್ಟವರು ಯಾರು? ಅವರ ಮನೆಗೆ ಯಾರು ಹೋಗುತ್ತೀರಿ?
* ಸಿಟ್ಟು ಬಂದಾಗ ಎಲ್ಲರ ಮುಂದೆ ಆಡಿದ ಮಾತು ಯಾರನ್ನಾದರೂ ನೋಯಿಸಿದೆಯೇ?
* ಈ ವಾರ ನಾವು ಕೀಳಬೇಕಾದ ಒಂದು ಕಳೆ ಯಾವುದು?

ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಆಶೀರ್ವದಿಸಲಿ.