‘ಸಫಾರಿ’: ಒಂದು ಪದ, ಎರಡು ಹುಲ್ಲುಗಾವಲು

ಆಫ್ರಿಕದ ರಾಷ್ಟ್ರೀಯ ಉದ್ಯಾನಗಳನ್ನು ಕಂಡು ಬಂದವರ ಪ್ರವಾಸಕಥನಗಳನ್ನು ಓದುವ ವಿದ್ಯಾರ್ಥಿಗೆ ಮೊದಲ ಪುಟದಲ್ಲೇ ಎದುರಾಗುವ ಪದ ‘ಸಫಾರಿ’. ಅದನ್ನು ಇಂಗ್ಲಿಷಿನಿಂದ ಬಂದ ಪದವೆಂದು ಗುರುತಿಸಿ ಮುಂದೆ ಸಾಗುವುದು ವಾಡಿಕೆ. ಅಷ್ಟಕ್ಕೆ ಅರ್ಧ ಅಂಕ ದೊರೆತೀತು. ಉಳಿದರ್ಧಕ್ಕೆ ಇನ್ನಷ್ಟು ಹಿಂದೆ ಹೋಗಬೇಕು.

ಅರಬ್ಬಿಯಲ್ಲಿ ‘ಸಫರ್’ ಎಂದರೆ ಪಯಣ. ಪೂರ್ವ ಆಫ್ರಿಕದ ಕರಾವಳಿಗೆ ಬಂದ ಅರಬ್ ವರ್ತಕರ ಒಡನಾಟದಲ್ಲಿ ಸ್ವಾಹಿಲಿ ಭಾಷೆ ಈ ಮೂಲವನ್ನು ಪಡೆದು ‘ಸಫಾರಿ’ ಎಂದು ಮಾಡಿಕೊಂಡಿತು. ಸ್ವಾಹಿಲಿಯಲ್ಲಿ ಅದಕ್ಕೆ ಇಂದಿಗೂ ಪ್ರಯಾಣವೆಂದಷ್ಟೇ ಅರ್ಥ. ಊರಿಗೆ ಹೊರಟವರನ್ನು ‘ಸಫಾರಿ ನ್ಜೆಮಾ’ ಎಂದು ಬೀಳ್ಕೊಡುತ್ತಾರೆ. ಆ ಪದದೊಳಗೆ ಸಿಂಹವೂ ಇಲ್ಲ, ಆನೆಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಒಳನಾಡಿಗೆ ಹೊರಟ ಯುರೋಪಿನವರು ಹೊರೆಯಾಳುಗಳ ಜೊತೆಗೆ ಈ ಪದವನ್ನೂ ತಮ್ಮದಾಗಿಸಿಕೊಂಡರು. ಬರಬರುತ್ತ ಅದು ಬೇಟೆಯ ಪಯಣಕ್ಕೆ ಮೀಸಲಾಯಿತು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಕೈಗೊಂಡದ್ದು ಅಂಥದೇ ಪಯಣ. 1977ರಲ್ಲಿ ಕೀನ್ಯಾ ಬೇಟೆಯನ್ನು ನಿಷೇಧಿಸಿದಾಗ ಬಂದೂಕು ಹೋಗಿ ಕ್ಯಾಮೆರಾ ಉಳಿಯಿತು, ಪದ ಬದಲಾಗಲಿಲ್ಲ. ಭಾಷಾಶಾಸ್ತ್ರದಲ್ಲಿ ಅರ್ಥಸಂಕೋಚವೆಂದು ಓದುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ಇದೇ ಮೂಲ ಇನ್ನೊಂದು ದಾರಿಯಿಂದ ಕನ್ನಡಕ್ಕೆ ಬಹಳ ಹಿಂದೆಯೇ ಬಂದಿತ್ತು. ಪಾರಸಿಯ ಮೂಲಕ ಬಂದ ‘ಮುಸಾಫಿರ’ ಅದರ ಕುಡಿ. ಗಡಿಭಾಗದ ವಿದ್ಯಾರ್ಥಿಗಳಿಗೆ ಮರಾಠಿಯ ‘ಸಫರ’ ಹೊಸದಲ್ಲ. ಸ್ವಾಹಿಲಿಯಲ್ಲಿ ಪ್ರಯಾಣಿಕನಿಗೆ ‘ಮ್ಸಾಫಿರಿ’ ಎನ್ನುತ್ತಾರೆ. ಅವನು ಏರುವ ವಾಹನ ‘ಗಾರಿ’: ಇದು ಇಂಡಿಯಾದ ವ್ಯಾಪಾರಿಗಳೊಡನೆ ಕಡಲು ದಾಟಿದ ನಮ್ಮ ‘ಗಾಡಿ’ಯೇ. ಆದರೆ ಸಾದೃಶ್ಯವೆಲ್ಲವೂ ಸಂಬಂಧವಲ್ಲ. ಸ್ವಾಹಿಲಿಯಲ್ಲಿ ಸಿಂಹಕ್ಕೆ ‘ಸಿಂಬಾ’ ಎಂಬ ಹೆಸರಿದೆ. ಅದನ್ನು ಕೇಳಿದೊಡನೆ ಸಂಸ್ಕೃತದಿಂದ ಹೋಯಿತೆಂದು ಸಾರಲು ನಾಲಗೆ ತವಕಿಸುತ್ತದೆ. ಅದು ಬಾಂಟು ಭಾಷಾಕುಟುಂಬದ ಸ್ವಂತ ಪದ, ಹೋಲಿಕೆ ಆಕಸ್ಮಿಕ.

ಇನ್ನು ಪದದಿಂದ ನೆಲಕ್ಕೆ. ಕೀನ್ಯಾದ ಮಸಾಯಿ ಮಾರಾ, ಟಾಂಜಾನಿಯಾದ ಸೆರೆಂಗೆಟಿ ಎರಡೂ ಒಂದೇ ಬಯಲಿನ ಎರಡು ಹೆಸರು. ಹತ್ತು ಲಕ್ಷಕ್ಕೂ ಮಿಕ್ಕ ವೈಲ್ಡ್‌ಬೀಸ್ಟ್‌ಗಳು ಮಳೆಯನ್ನೂ ಹೊಸ ಹುಲ್ಲನ್ನೂ ಅರಸುತ್ತ ವರ್ಷವಿಡೀ ಅಲ್ಲಿ ಸುತ್ತುತ್ತವೆ. ವರ್ಷದ ಮೊದಲ ತಿಂಗಳುಗಳಲ್ಲಿ ದಕ್ಷಿಣದ ಬಯಲಿನಲ್ಲಿ ಕರು ಹಾಕುತ್ತವೆ. ಜುಲೈ ಕಳೆದಂತೆ ಮೊಸಳೆಗಳಿರುವ ಮಾರಾ ನದಿಯನ್ನು ದಾಟುತ್ತವೆ. ಪ್ರವಾಸಿ ಬೆಳಗಿನ ಚಳಿಯಲ್ಲಿ, ಚಾವಣಿ ತೆರೆದ ಜೀಪಿನಲ್ಲಿ ನಿಂತು ನೋಡುವುದು ಬಹುತೇಕ ಇದನ್ನೇ. ಚಪ್ಪರದಂತೆ ಹರಡಿದ ಜಾಲಿಮರ, ಅದರ ಕೆಳಗೆ ಒಣಹುಲ್ಲು: ಈ ಚಿತ್ರವಿಲ್ಲದ ಆಫ್ರಿಕಾ ಪ್ರವಾಸಕಥನವಿಲ್ಲ.

ಇಂಥ ಚಿತ್ರವನ್ನು ಕಾಣಲು ಕಡಲು ದಾಟಬೇಕಿಲ್ಲ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಸುತ್ತ ‘ಕೊರಂಗಾಡು’ ಎಂಬ ಮೇವಿನ ಹೊಲಗಳಿವೆ. ಮಳೆ ಕಡಿಮೆಯಾದ ಒಣಸೀಮೆ. ಬಿಳಿಜಾಲಿಯ ಮರಗಳು, ಅವುಗಳ ನಡುವೆ ಕೊಳುಕ್ಕಟ್ಟೈ ಹುಲ್ಲು, ಸುತ್ತ ಮುಳ್ಳುಕಿಳುವೈ ಗಿಡದ ಜೀವಂತ ಬೇಲಿ. ಈ ಹುಲ್ಲು ಪೂರ್ವ ಆಫ್ರಿಕದಲ್ಲಿಯೂ ಸಹಜವಾಗಿ ಬೆಳೆಯುವ ಜಾತಿ. ಒಂದು ಹೊಲದ ಹುಲ್ಲು ತೀರಿದರೆ ದನಗಳನ್ನು ಇನ್ನೊಂದಕ್ಕೆ ಬಿಡುತ್ತಾರೆ; ಬೇಸಗೆಯಲ್ಲಿ ಬಿಳಿಜಾಲಿಯ ಕಾಯಿಗಳೂ ಮೇವಾಗುತ್ತವೆ. ಅಲ್ಲಿ ಮೇಯುವುದು ಹೆಸರಾಂತ ಕಾಂಗೇಯಂ ತಳಿ. ಅದನ್ನು ಬೆಳೆಸಿದವರಲ್ಲಿ ಪಳೆಯಕೋಟೆಯ ಪಟ್ಟಗಾರರ ಮನೆತನ ಪ್ರಸಿದ್ಧ. ಹುಟ್ಟುವಾಗ ಕೆಂಪಾಗಿರುವ ಕರು ಆರು ತಿಂಗಳ ಹೊತ್ತಿಗೆ ಬೂದುಬಣ್ಣಕ್ಕೆ ತಿರುಗುತ್ತದೆ. ವೈಲ್ಡ್‌ಬೀಸ್ಟ್‌ನ ಕರುವೂ ಹುಟ್ಟುವಾಗ ಕಂದುಹಳದಿ, ಎರಡು ತಿಂಗಳ ಬಳಿಕ ಕಪ್ಪಿಡತೊಡಗುತ್ತದೆ. ಉಪಮಾನವನ್ನು ಹುಡುಕುವ ವಿದ್ಯಾರ್ಥಿ ಇಲ್ಲಿ ಒಂದು ಕ್ಷಣ ನಿಲ್ಲಬಹುದು.

ವ್ಯತ್ಯಾಸವೂ ದೊಡ್ಡದೇ. ಕೊರಂಗಾಡಿನಲ್ಲಿ ದನವೂ ಇದೆ, ಒಡೆಯನೂ ಇದ್ದಾನೆ. ಸಫಾರಿಯ ಚಿತ್ರದಲ್ಲಿ ಮನುಷ್ಯನೇ ಇಲ್ಲ. ಇದ್ದರೆ ಕೆಂಪು ಶಾಲು ಹೊದ್ದು ಕುಣಿಯುವ ಮಸಾಯಿ. ಸೆರೆಂಗೆಟಿ ಎಂಬ ಹೆಸರೇ ಅವರ ಭಾಷೆಯದು, ಕೊನೆಯಿಲ್ಲದ ಬಯಲು ಎಂದು ಅದರ ಅರ್ಥ. ಅಲ್ಲಿ ದನ ಮೇಯಿಸಿಕೊಂಡಿದ್ದ ಅವರನ್ನು 1959ರಲ್ಲಿ ಉದ್ಯಾನದಿಂದ ಹೊರಕಳಿಸಲಾಯಿತು. ಅವರು ಪಕ್ಕದ ಗೊರೊಂಗೊರೊ ಸೀಮೆಗೆ ಸರಿದರು. ಬಯಲು ಬರಿದಾಗಿತ್ತೆಂದು ವರ್ಣಿಸುವ ಲೇಖಕ ಸುಳ್ಳು ಹೇಳುತ್ತಿಲ್ಲ, ಆದರೆ ಬರಿದಾದದ್ದು ಹೇಗೆಂದೂ ಹೇಳುತ್ತಿಲ್ಲ. ಪ್ರವಾಸಕಥನವನ್ನು ವಿಮರ್ಶಿಸುವಾಗ ಶೈಲಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಕನ್ನಡದ ವಿದ್ಯಾರ್ಥಿಗೆ ಈ ಪ್ರಶ್ನೆ ಪರದೇಶದ್ದಲ್ಲ. ಕಾಂಗೇಯಂನಿಂದ ಉತ್ತರಕ್ಕೆ, ಈರೋಡು ಜಿಲ್ಲೆಯ ಅಂತಿಯೂರು ತಾಲೂಕಿನ ಬರಗೂರು ಬೆಟ್ಟಗಳಲ್ಲಿ ಕನ್ನಡ ಮಾತಾಡುವ ಲಿಂಗಾಯತರು ತಲೆಮಾರುಗಳಿಂದ ಬರಗೂರು ತಳಿಯ ದನಗಳನ್ನು ಸಾಕಿದ್ದಾರೆ. ಕೆಂಪು ಮೈಯ ಮೇಲೆ ಬಿಳಿ ಮಚ್ಚೆಯ ಈ ದನಗಳು ಕೊಟ್ಟಿಗೆಯವಲ್ಲ, ಕಾಡಿನಲ್ಲಿ ಮೇಯುವಂಥವು. 2022ರಲ್ಲಿ ಮದ್ರಾಸ್ ಹೈಕೋರ್ಟು ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸಿ, ಕೆಲವೇ ದಿನಗಳಲ್ಲಿ ಆ ಆಜ್ಞೆಯನ್ನು ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಹುಲಿ ಮೀಸಲು ಪ್ರದೇಶಗಳಿಗೆ ಸೀಮಿತಗೊಳಿಸಿತು. 2024ರಲ್ಲಿ ಆ ಬೆಟ್ಟಗಳ ಕಾಡನ್ನು ಒಳಗೊಂಡು ತಂದೈ ಪೆರಿಯಾರ್ ವನ್ಯಜೀವಿಧಾಮ ಘೋಷಣೆಯಾಯಿತು. ಕಾಡು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಮೇವಿನ ದಾರಿ ಮುಚ್ಚಿದರೆ ತಳಿಯ ಜೊತೆಗೆ ಹೋಗುವುದು ದನದ ಬಣ್ಣ, ಕೊಂಬು, ಮೇವು, ಹಳ್ಳಗಳಿಗೆ ಆ ಬೆಟ್ಟದ ಕನ್ನಡ ಇಟ್ಟುಕೊಂಡಿರುವ ಹೆಸರುಗಳು. ಕ್ಷೇತ್ರಕಾರ್ಯಕ್ಕೆ ವಿಷಯ ಹುಡುಕುತ್ತಿರುವವರು ಅವುಗಳನ್ನು ಬರೆದಿಟ್ಟುಕೊಳ್ಳಲು ಆ ಬೆಟ್ಟ ಹತ್ತಬಹುದು. ಅಂತಿಯೂರಿನವರೆಗೆ ಬಸ್ಸಿದೆ; ಅಲ್ಲಿಂದ ಬೆಟ್ಟದ ದಾರಿ.